ಅಜ್ಜನ ಅಳತೆ ಪಟ್ಟಿಗಳು ನನ್ನ ಕೈಗೆ ಬಂದಾಗ

ಅಜ್ಜ ಶುರು ಮಾಡಿದ ಫರ್ನಿಚರ್ ಕೆಲಸ ನಮ್ದು, ಆಮೇಲೆ ಅಪ್ಪ, ಈಗ ನಾನು. ವರ್ಕ್‌ಶಾಪ್ ಗೋಡೆ ಮೇಲೆ ಮೂವತ್ತಕ್ಕೂ ಜಾಸ್ತಿ ಮರದ ಪಟ್ಟಿ ನೇತಾಡ್ತಿದ್ವು, ಒಂದೊಂದು ಕುರ್ಚಿಗೆ ಒಂದೊಂದು, ಮೇಲೆ ಉಳಿಯಲ್ಲಿ ಹಾಕಿದ ಗೀರು ಬಿಟ್ರೆ ಒಂದು ನಂಬರ್ರೂ ಇಲ್ಲ, ಯಾವ ಗೀರು ಸೀಟಿಂದು ಯಾವ್ದು ಕೈ ಇಡೋದು ಅಂತ ಅಪ್ಪಂಗೊಬ್ರಿಗೇ ಗೊತ್ತು. ಅವ್ರಿಗೆ ಕೈ ನಡುಗೋಕೆ ಶುರುವಾದ್ಮೇಲೇ ನಾನು ಪೂರ್ತಿ ಜವಾಬ್ದಾರಿ ತಗೊಂಡಿದ್ದು.

ಮೊದಲನೇ ವರ್ಷಾನೇ ಪೆಟ್ಟು ಬಿತ್ತು. ಆರ್ಡರ್ ಅರ್ಜೆಂಟು ಅಂತ ಸರಿಯಾಗಿ ಒಣಗದ ಹಲಗೆಲಿ ಡೈನಿಂಗ್ ಟೇಬಲ್ ಮಾಡಿ, ಮೇಲಿನ ಹಲಗೇನ ಫ್ರೇಮಿಗೆ ಸುತ್ತಲೂ ಅಂಟು ಹಾಕಿ ಸ್ಕ್ರೂ ಬಿಗಿದು ಕೊಟ್ಬಿಟ್ಟೆ. ನಾಲ್ಕು ತಿಂಗಳಿಗೆ ನಡುವೆ ಉದ್ದಕ್ಕೆ ಸೀಳು ಬಿಟ್ಟಿತ್ತು. ಅಪ್ಪ ಬಂದು ಆ ಸೀಳಲ್ಲಿ ಉಗುರು ಆಡಿಸಿ, "ಎಷ್ಟು ದಿನ ಒಣಗಿಸಿದ್ಯೋ?" ಅಂದ್ರು ಅಷ್ಟೇ. ಮರ ಉದ್ದಕ್ಕೆ ಕುಗ್ಗೋದು ಇಲ್ಲ ಅನ್ನೋಷ್ಟು ಕಮ್ಮಿ, ಕುಗ್ಗೋದು ಹಿಗ್ಗೋದು ಎಲ್ಲಾ ಅಗಲಕ್ಕೆ, ಅದ್ರಲ್ಲೂ ಮರ ಕೊಯ್ದಾಗ ಕಾಣೋ ಉಂಗುರದ ಸುತ್ತಿನ ದಿಕ್ಕಲ್ಲಿ ತಿರುಳಿಂದ ಹೊರಗಿನ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಅದಕ್ಕೆ ಜಾಗ ಬಿಡ್ದೆ ಹಿಡಿದು ಕಟ್ಟಿದ್ರೆ ಸೀಳದೆ ಏನ್ಮಾಡುತ್ತೆ? ಆ ಟೇಬಲ್ ಹೊಸದಾಗಿ ಮಾಡಿಕೊಟ್ಟೆ.

ಈಗ ಹಲಗೆ ಬಂದ ದಿನಾನೇ ತುದೀಲಿ ತಾರೀಖು ಬರೀತೀನಿ, ತುದಿಗಳು ಬೇಗ ಒಣಗಿ ಬಿರಿಯುತ್ತೆ ಅಂತ ಪೇಂಟ್ ಬಳೀತೀನಿ, ಮಧ್ಯೆ ಮಧ್ಯೆ ರೀಪರ್ (ತೆಳ್ಳನೆ ಮರದ ಪಟ್ಟಿ) ಇಟ್ಟು ಗಾಳಿ ಆಡೋ ಹಾಗೆ ನೆರಳಲ್ಲಿ ಪೇರಿಸ್ತೀನಿ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅನ್ನೋದು ಅಪ್ಪನ ಲೆಕ್ಕ. ಅದ್ರ ಜೊತೆಗೆ ಮರದ ತೇವ ಅಳೆಯೋ ಮಾಯಿಶ್ಚರ್ ಮೀಟರ್ ತಗೊಂಡೆ, ತೇವ 12 ಪರ್ಸೆಂಟಿಗಿಂತ ಕೆಳಗೆ ಬರೋವರೆಗೂ ಹಲಗೆ ಮುಟ್ಟಲ್ಲ. ಟೇಬಲ್ ಮೇಲ್ಭಾಗಕ್ಕೆ ಅಂಟು ಇಲ್ಲ, ಫ್ರೇಮಲ್ಲಿ ಉದ್ದನೆ ತೂತು ಮಾಡಿ ಸ್ಕ್ರೂ ಹಾಕ್ತೀನಿ, ಮರ ಅತ್ತಿತ್ತ ಸರೀಬೋದು.

ಆ ಪಟ್ಟಿಗಳ ವಿಷಯಕ್ಕೆ ಬರ್ತೀನಿ. ದಿನಾ ಸಂಜೆ ಅಪ್ಪನ್ನ ಕೂರಿಸ್ಕೊಂಡು ಒಂದೊಂದೇ ಇಳಿಸಿ ಕೇಳಿ, ಫೋಟೋ ತೆಗೆದು, ಪಕ್ಕದಲ್ಲೇ ಪೆನ್ಸಿಲಲ್ಲಿ ಹೆಸರು ಬರೆದೆ. ಒಂದು ಪಟ್ಟೀಲಿ 18 ಇಂಚಿಗೊಂದು ಗೀರು, ಅದಕ್ಕಿಂತ ಮುಕ್ಕಾಲು ಇಂಚು ಕೆಳಗೆ ಇನ್ನೊಂದು. ನಾನು ಎಷ್ಟೋ ವರ್ಷ ಅದನ್ನ ತಪ್ಪಿ ಹಾಕಿದ ಗೀರು ಅಂದ್ಕೊಂಡು ಸೀಟು ಮಟ್ಟಸವಾಗಿ ಮಾಡ್ತಿದ್ದೆ. ಅಪ್ಪ ಹೇಳಿದ್ರು, ಮೇಲಿಂದು ಸೀಟಿನ ಮುಂದಿನ ಅಂಚು, ಕೆಳಗಿಂದು ಹಿಂದಿನ ಅಂಚು, ಆ ಇಳಿಜಾರು ಇದ್ರೇನೇ ಕೂತವ್ರು ಮುಂದಕ್ಕೆ ಜಾರದೆ ಬೆನ್ನು ಒರಗಿಸಿ ಕೂರೋದು. ಹಾಗೆ ಒಂದು ಕುರ್ಚಿ ಮಾಡಿ ಕೂತು ನೋಡಿದಾಗ ಅಜ್ಜನೇ ಪಕ್ಕದಲ್ಲಿ ನಿಂತಂಗಾಯ್ತು, ನಿಜವಾಗ್ಲೂ.

ಮೆಷಿನ್ ತಂದಾಗ ಅಪ್ಪಂಗೆ ಬೇಜಾರಾಗಿತ್ತು. ಗರಗಸದ ಕೆಲಸ, ಹಲಗೆ ನುಣುಪು ಮಾಡೋದು ಈಗ ಮೆಷಿನ್ನಿಗೆ, ಆದ್ರೆ ಕಾಲಿಗೂ ಅಡ್ಡಪಟ್ಟಿಗೂ ಒಂದರೊಳಗೊಂದು ಕೂರೋ ಹಾಗೆ ಹಾಕೋ ಕಚ್ಚನ್ನ ಕೊನೇಲಿ ನಾನೇ ಉಳಿ ಹಿಡಿದು ಕೂರಿಸ್ತೀನಿ, ಅಂಟು ಹಾಕದೆ ಜೋಡಿಸಿದಾಗ ಕೈಯಲ್ಲಿ ಒತ್ತಿದ್ರೆ ಹೋಗ್ಬೇಕು, ತಲೆಕೆಳಗು ಮಾಡಿದ್ರೆ ಬೀಳಬಾರ್ದು.

ನಾಲ್ಕು ಪಟ್ಟಿ ಯಾವ ಕುರ್ಚೀದು ಅಂತ ಅಪ್ಪಂಗೂ ನೆನಪಾಗ್ಲಿಲ್ಲ. ವೇಸ್ಟ್ ಮರದಲ್ಲಿ ಆ ಗೀರಿನ ಅಳತೆಗೇ ಜೋಡಿಸಿ ನೋಡ್ತಿದೀನಿ, ಒಂದು ಮಕ್ಕಳ ಕುರ್ಚಿ ಅಂತ ಹೋದ ವಾರ ಗೊತ್ತಾಯ್ತು. ಇನ್ನು ಮೂರಿದೆ.