ಬಿಸಿಜಿ ಚಿಕಿತ್ಸೆ ನಡೆಯುವಾಗ ಕೊಲೆಸ್ಟ್ರಾಲ್ ಮಾತ್ರೆ: ನಿಲ್ಲಿಸದೆ ನಿಭಾಯಿಸುವ ಕ್ರಮ

ಮೂತ್ರಕೋಶದ ಒಳಪದರವನ್ನು ದಾಟಿ ಸ್ನಾಯುವಿಗೆ ಇಳಿಯದ ಕ್ಯಾನ್ಸರ್‌ನಲ್ಲಿ ಮೊದಲು ಗಡ್ಡೆಯನ್ನು ಮೂತ್ರನಾಳದ ಮೂಲಕವೇ ಕೆರೆದು ತೆಗೆಯುತ್ತಾರೆ. ಅದು ಮರುಕಳಿಸುವ ಅಪಾಯ ಹೆಚ್ಚಿದ್ದರೆ, ಗಾಯ ಮಾಯಲು ಕನಿಷ್ಠ ಎರಡು ವಾರ ಬಿಟ್ಟು, ಕ್ಷಯದ ಲಸಿಕೆಯಲ್ಲೂ ಬಳಸುವ ಬಿಸಿಜಿ ಎಂಬ ಶಕ್ತಿಗುಂದಿಸಿದ ಜೀವಂತ ಬ್ಯಾಕ್ಟೀರಿಯಾವನ್ನು ವಾರಕ್ಕೊಮ್ಮೆಯಂತೆ 6 ವಾರ ಮೂತ್ರಕೋಶದೊಳಗೆ ಹಾಕುತ್ತಾರೆ. ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ವಯಸ್ಸಾದವರಲ್ಲಿ. ಆದ್ದರಿಂದ ಚಿಕಿತ್ಸೆಗೆ ಬರುವ ಹಲವರು ಆಗಲೇ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್‌ನಂತಹ, ಸ್ಟ್ಯಾಟಿನ್ ಎಂದು ಕರೆಯುವ ಕೊಲೆಸ್ಟ್ರಾಲ್ ಮಾತ್ರೆ ನುಂಗುತ್ತಿರುತ್ತಾರೆ. ಎರಡೂ ಒಟ್ಟಿಗೆ ನಡೆಯಬಹುದೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, ನಡೆಯಬಹುದು ಎಂಬುದೇ. ತೊಡಕು ಹುಟ್ಟುವುದು ಈ ಎರಡರ ನಡುವೆ ಅಲ್ಲ, ಇವುಗಳ ಜೊತೆಗೆ ಬಂದು ಸೇರುವ ಮೂರನೆಯ ಔಷಧಿಯಿಂದ.

ಹಾಗಿದ್ದರೂ ಬಿಸಿಜಿ ನಡೆಯುವಾಗ ಸ್ಟ್ಯಾಟಿನ್ ನಿಲ್ಲಿಸಬೇಕೆಂದು ಕೆಲವೆಡೆ ಕೇಳಿಬರುವ ಮಾತು ಎಲ್ಲಿಂದ ಬಂತು ಎಂಬುದು ಗೊತ್ತಿದ್ದರೆ ಒಳ್ಳೆಯದು. ಬಿಸಿಜಿಯು ಕ್ಯಾನ್ಸರ್ ಕೋಶವನ್ನು ವಿಷದಂತೆ ನೇರವಾಗಿ ಸುಡುವ ಮದ್ದಲ್ಲ. ಅದು ಮೂತ್ರಕೋಶದ ಗೋಡೆಗೆ ಅಂಟಿಕೊಂಡು ಉರಿಯೂತ ಎಬ್ಬಿಸುತ್ತದೆ, ಆ ಗದ್ದಲಕ್ಕೆ ಓಡಿಬರುವ ರೋಗನಿರೋಧಕ ಕೋಶಗಳು ಕ್ಯಾನ್ಸರನ್ನು ಎದುರಿಸುತ್ತವೆ. ಸ್ಟ್ಯಾಟಿನ್‌ಗಳಿಗಾದರೋ ಕೊಲೆಸ್ಟ್ರಾಲ್ ಇಳಿಸುವುದರ ಜೊತೆಗೆ ಉರಿಯೂತವನ್ನು ತುಸು ತಗ್ಗಿಸುವ ಗುಣವೂ ಇದೆ. 2006ರಲ್ಲಿ ಪ್ರಕಟವಾದ, 84 ರೋಗಿಗಳ ಒಂದು ಪುಟ್ಟ ಅವಲೋಕನವು ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಕಾಯಿಲೆ ಹೆಚ್ಚಾಗಿ ಉಲ್ಬಣಿಸಿತೆಂದು ವರದಿ ಮಾಡಿದಾಗ ಆತಂಕ ಹರಡಿತು. ಆದರೆ ಅವರಲ್ಲಿ ಸ್ಟ್ಯಾಟಿನ್ ಸೇವಿಸುತ್ತಿದ್ದವರು 19 ಮಂದಿ ಮಾತ್ರ. 2008ರಲ್ಲಿ 900ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ ಅಂತಹ ಹಾನಿ ಕಾಣಲಿಲ್ಲ. ಹೃದಯಕ್ಕೆಂದು ಕೊಟ್ಟ ಮಾತ್ರೆಯನ್ನು 19 ಮಂದಿಯ ಲೆಕ್ಕ ನೋಡಿ ಬಿಡುವುದು ನನ್ನ ದೃಷ್ಟಿಯಲ್ಲಿ ದುಬಾರಿ ತಪ್ಪು. (ಮೂತ್ರಕೋಶದ ಕ್ಯಾನ್ಸರ್‌ಗೆ ಬಿಸಿಜಿಯ ಬಳಕೆ ಮತ್ತು ಬೂಷ್ಟಿನಿಂದ ಪಡೆದ ಮೊದಲ ಸ್ಟ್ಯಾಟಿನ್, ಎರಡೂ ವೈದ್ಯಕೀಯ ಜಗತ್ತಿಗೆ ವರದಿಯಾದದ್ದು 1976ರಲ್ಲೇ ಎಂಬುದು ಒಂದು ಸೋಜಿಗ.)

ಬಿಸಿಜಿಯ ಮೊದಲ ಡೋಸ್‌ಗೆ ಮುನ್ನವೇ ಒಂದು ಹಾಳೆಯಲ್ಲಿ ನೀವು ತೆಗೆದುಕೊಳ್ಳುವ ಪ್ರತಿಯೊಂದು ಔಷಧಿಯ ಹೆಸರು, ಮಿಲಿಗ್ರಾಂ, ಹೊತ್ತು ಹಾಗೂ ಶುರುವಾದ ವರ್ಷವನ್ನು ಬರೆಯಿರಿ. ಮಾತ್ರೆಯ ಪಟ್ಟಿಯ ಮೇಲಿರುವ ಕಂಪನಿ ಹೆಸರು ಸಾಲದು, ಒಳಗಿನ ಔಷಧದ ಹೆಸರು ಬೇಕು. ಒಂದೇ ಮಾತ್ರೆಯಲ್ಲಿ ಸ್ಟ್ಯಾಟಿನ್ ಜೊತೆಗೆ ಆಸ್ಪಿರಿನ್ ಅಥವಾ ಎಜೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಔಷಧ ಸೇರಿರುವುದು ಅಪರೂಪವಲ್ಲ. ಈ ಹಾಳೆಯನ್ನು ಮೂತ್ರರೋಗ ತಜ್ಞರಿಗೂ ಹೃದಯದ ವೈದ್ಯರಿಗೂ ತೋರಿಸಿ. ಯಕೃತ್ತಿನ ರಕ್ತಪರೀಕ್ಷೆ ಇತ್ತೀಚೆಗೆ ಆಗಿಲ್ಲದಿದ್ದರೆ ಈಗಲೇ ಮಾಡಿಸಬೇಕೇ ಎಂದು ಕೇಳಿ, ಏಕೆಂದರೆ ಮುಂದೆ ಏರುಪೇರಾದರೆ ಹೋಲಿಸಿ ನೋಡಲು ಹಳೆಯ ಅಂಕಿ ಬೇಕಾಗುತ್ತದೆ. ಹೃದಯದ ತುರ್ತು ಇಲ್ಲದಿದ್ದರೆ, ಸ್ಟ್ಯಾಟಿನ್ ಹೊಸದಾಗಿ ಆರಂಭಿಸುವುದನ್ನು ಅಥವಾ ಡೋಸ್ ಏರಿಸುವುದನ್ನು ಈ 6 ವಾರಗಳ ಆಚೆಗೆ ಇಡಬಹುದೇ ಎಂದೂ ವಿಚಾರಿಸಿ. ಎರಡು ಬದಲಾವಣೆ ಒಮ್ಮೆಗೇ ಆದರೆ ಯಾವ ತೊಂದರೆ ಯಾವುದರಿಂದ ಎಂದು ಬಿಡಿಸಿ ಹೇಳುವುದು ಕಷ್ಟವಾಗುತ್ತದೆ.

ಡೋಸ್‌ನ ದಿನ ಸ್ಟ್ಯಾಟಿನ್ ಹೊತ್ತನ್ನು ಬದಲಿಸಬೇಕಾಗಿಲ್ಲ. ರಾತ್ರಿ ತೆಗೆದುಕೊಳ್ಳುವವರು ರಾತ್ರಿಯೇ ತೆಗೆದುಕೊಳ್ಳಲಿ. ತೆಳುವಾದ ಕ್ಯಾಥೆಟರ್ ತೂರಿಸಿ ಮೂತ್ರ ಬರಿದು ಮಾಡಿ, ಔಷಧವನ್ನು ನಿಧಾನವಾಗಿ ಒಳಬಿಟ್ಟು, ಕೊಳವೆ ತೆಗೆಯುತ್ತಾರೆ. ಅದನ್ನು ಸುಮಾರು 2 ಗಂಟೆ ತಡೆದಿಟ್ಟುಕೊಳ್ಳಬೇಕು. ನಂತರದ 6 ಗಂಟೆ ಕುಳಿತೇ ಮೂತ್ರ ವಿಸರ್ಜಿಸಿ, ಪ್ರತಿ ಸಲವೂ ಬ್ಲೀಚ್ ಸುರಿದು 15 ನಿಮಿಷ ಬಿಟ್ಟು ನೀರು ಹಾಯಿಸಿ. ಒಳಗೆ ಹೋಗಿರುವುದು ಜೀವಂತ ಬ್ಯಾಕ್ಟೀರಿಯಾ ಎಂಬುದನ್ನು ಮನೆಯವರಿಗೂ ತಿಳಿಸಿರಿ.

ಅಂದು ಸಂಜೆಯಿಂದ ಗೊಂದಲ ಶುರುವಾಗುವುದು ಮೈಕೈ ನೋವಿನಲ್ಲಿ. ಬಿಸಿಜಿಯ ನೋವು ಜ್ವರದ ನೋವಿನಂತೆ ಇಡೀ ಮೈಯನ್ನು ಹಿಡಿಯುತ್ತದೆ, ಚಳಿ ಮತ್ತು ಉರಿಮೂತ್ರವನ್ನು ಜೊತೆಗೆ ತರುತ್ತದೆ, ಸಾಮಾನ್ಯವಾಗಿ 48 ಗಂಟೆಯೊಳಗೆ ಇಳಿಯುತ್ತದೆ. ಸ್ಟ್ಯಾಟಿನ್ ನೋವಾದರೆ ಎರಡೂ ತೊಡೆ, ಎರಡೂ ಮೀನಖಂಡ ಅಥವಾ ಎರಡೂ ಭುಜಗಳಲ್ಲಿ ಸಮನಾಗಿ ಕಾಣಿಸಿಕೊಂಡು, ಜ್ವರವಿಲ್ಲದೆ, ದಿನ ಕಳೆದರೂ ಬಿಡದೆ ಇರುತ್ತದೆ. ಕುಳಿತಲ್ಲಿಂದ ಏಳಲು ತೊಡೆಗೆ ಬಲ ಸಾಲದಂತಾಗುತ್ತದೆ. ಮೂತ್ರದ ಬಣ್ಣವನ್ನೂ ಗಮನಿಸಿ. ಬಿಸಿಜಿಯ ನಂತರ ಒಂದೆರಡು ದಿನ ತಿಳಿಗೆಂಪು ಕಾಣುವುದುಂಟು. ಆದರೆ ಸ್ನಾಯುನೋವಿನೊಂದಿಗೆ ಕಾಫಿ ಡಿಕಾಕ್ಷನ್‌ನಂತಹ ಕಡುಕಂದು ಬಣ್ಣ ಬಂದರೆ ಅದು ಸ್ನಾಯು ಒಡೆದು ಕರಗುತ್ತಿರುವುದರ ಸೂಚನೆಯಾಗಿರಬಹುದು. ಆಗ ಮಾತ್ರ ಮುಂದಿನ ಸ್ಟ್ಯಾಟಿನ್ ಮಾತ್ರೆ ನುಂಗದೆ ಅಂದೇ ಆಸ್ಪತ್ರೆಗೆ ಹೋಗಿ, ಸ್ನಾಯು ಹಾನಿಯನ್ನು ತೋರಿಸುವ ಕ್ರಿಯಾಟಿನ್ ಕೈನೇಸ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು.

ಇನ್ನು ಮೂರನೆಯ ಔಷಧಿಯ ವಿಚಾರ. ಉರಿಮೂತ್ರವೆಂದು ಬೇರೊಬ್ಬ ವೈದ್ಯರ ಬಳಿ ಹೋದರೆ ಸಿಪ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಬರೆದುಕೊಡುವ ಸಾಧ್ಯತೆಯಿದೆ. ಅದು ಸೋಂಕಿನ ಜೊತೆಗೆ ಬಿಸಿಜಿಯನ್ನೂ ಕೊಲ್ಲಬಲ್ಲದು, ಚಿಕಿತ್ಸೆಯ ಬಲ ಕುಗ್ಗಬಹುದು. ಕೆಮ್ಮಿಗೋ ಗಂಟಲಿಗೋ ಕೊಡುವ ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಬಿಸಿಜಿಗಷ್ಟೇ ಅಲ್ಲ, ಸ್ಟ್ಯಾಟಿನ್‌ಗೂ ಅಡ್ಡಿ: ಸಿಮ್ವಾಸ್ಟಾಟಿನ್ ಮತ್ತು ಅಟೋರ್ವಾಸ್ಟಾಟಿನ್ ಯಕೃತ್ತಿನಲ್ಲಿ ಕರಗುವುದನ್ನು ಅದು ತಡೆಯುತ್ತದೆ, ರಕ್ತದಲ್ಲಿ ಅವುಗಳ ಪ್ರಮಾಣ ಹಲವು ಪಟ್ಟು ಏರಿ ಸ್ನಾಯುವಿಗೆ ಕುತ್ತು ಬರುತ್ತದೆ. ಫಂಗಸ್ ಸೋಂಕಿಗೆ ಕೊಡುವ ಇಟ್ರಾಕೊನಜೋಲ್ ಕೂಡ ಹೀಗೆಯೇ ಮಾಡುತ್ತದೆ.

ಅಪರೂಪಕ್ಕೆ ಬಿಸಿಜಿ ರಕ್ತಕ್ಕೆ ಸೇರಿ ದೇಹವಿಡೀ ಹರಡುತ್ತದೆ. ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಅಥವಾ 48 ಗಂಟೆಯಾದರೂ ಬಿಡದಿದ್ದರೆ, ಆಸ್ಪತ್ರೆಗೆ ಹೋಗಲು ಬೆಳಗಾಗುವವರೆಗೆ ಕಾಯಬಾರದು. ಸೋಂಕು ಹರಡಿರುವುದು ಖಚಿತವಾದರೆ ಕ್ಷಯದ ಔಷಧಿಗಳನ್ನೇ ತಿಂಗಳುಗಟ್ಟಲೆ ಕೊಡುತ್ತಾರೆ. ಅವುಗಳಲ್ಲಿ ರಿಫಾಂಪಿಸಿನ್ ಹಲವು ಸ್ಟ್ಯಾಟಿನ್‌ಗಳನ್ನು ಬೇಗನೆ ಕರಗಿಸಿ ಅವುಗಳ ಪರಿಣಾಮವನ್ನು ತಗ್ಗಿಸುತ್ತದೆ. ಐಸೋನಿಯಾಜಿಡ್‌ಗೆ ಯಕೃತ್ತನ್ನು ಕೆಡಿಸುವ ಸ್ವಭಾವವಿರುವುದರಿಂದ ರಕ್ತಪರೀಕ್ಷೆ ಪದೇ ಪದೇ ಬೇಕಾಗುತ್ತದೆ. ಈ ಹಂತದಲ್ಲಿ ಸ್ಟ್ಯಾಟಿನ್‌ನ ಬಗೆ ಮತ್ತು ಡೋಸನ್ನು ವೈದ್ಯರು ಮತ್ತೆ ನಿರ್ಧರಿಸುತ್ತಾರೆ. ಡೋಸ್ ಏರಿಸಿದ್ದರೆ, ರಿಫಾಂಪಿಸಿನ್ ಮುಗಿದ ಮೇಲೆ ಇಳಿಸಲು ಮರೆಯದಂತೆ ನೆನಪಿಸುವುದು ರೋಗಿಯ ಕಡೆಯವರ ಕೆಲಸ, ಏಕೆಂದರೆ ಆ ಔಷಧಿ ನಿಂತ ಸುಮಾರು ಎರಡು ವಾರಗಳಲ್ಲಿ ಅದರ ಪ್ರಭಾವ ಮಾಯವಾಗುತ್ತದೆ.

ಸ್ಟ್ಯಾಟಿನ್ ಸೇರಿಸಿದರೆ ಕ್ಯಾನ್ಸರ್ ಚಿಕಿತ್ಸೆ ಚುರುಕಾಗುತ್ತದೆಂದು ನಂಬಿ ಕೊಲೆಸ್ಟ್ರಾಲ್ ಸರಿಯಿರುವವರೂ ಮಾತ್ರೆ ಶುರುಮಾಡುವುದು ಸಲ್ಲದು. ಸಾಲ್ಮೊನೆಲ್ಲಾ, ಕ್ಲಾಸ್ಟ್ರಿಡಿಯಂ ಮುಂತಾದ ಬೇರೆ ಬ್ಯಾಕ್ಟೀರಿಯಾಗಳನ್ನು ಮಾರ್ಪಡಿಸಿ ಗಡ್ಡೆಗೆ ಕಳುಹಿಸುವ ಚಿಕಿತ್ಸೆಗಳು ಪ್ರಯೋಗದ ಹಂತದಲ್ಲಿವೆ. ಅಂತಹ ಪ್ರಯೋಗಕ್ಕೆ ಸೇರುವವರು ಯಾವ ಮಾತ್ರೆ ಇರಬೇಕು, ಯಾವುದು ಬೇಡ ಎಂಬುದನ್ನು ಅಲ್ಲಿನ ನಿಯಮದಂತೆಯೇ ಪಾಲಿಸಬೇಕು.

ಮೊದಲ 6 ಡೋಸ್ ಮುಗಿದ ಮೇಲೂ ನಿರ್ವಹಣಾ ಡೋಸ್‌ಗಳು 1ರಿಂದ 3 ವರ್ಷದವರೆಗೆ ಮುಂದುವರಿಯಬಹುದು. ಔಷಧಿಯ ಹಾಳೆಯನ್ನು ಪ್ರತಿ ಸುತ್ತಿಗೂ ಹೊಸದಾಗಿ ಬರೆದು, ಮೇಲ್ಗಡೆ ‘ಬಿಸಿಜಿ ನಡೆಯುತ್ತಿದೆ’ ಎಂಬ ಸಾಲನ್ನೂ ಹಿಂದಿನ ಡೋಸ್‌ನ ದಿನಾಂಕವನ್ನೂ ದಪ್ಪಕ್ಷರದಲ್ಲಿ ಬರೆದು, ಹಲ್ಲಿನ ವೈದ್ಯರ ಬಳಿಗೆ ಹೋಗುವಾಗಲೂ ಜೇಬಿನಲ್ಲಿಟ್ಟುಕೊಳ್ಳಿ.