ಎಲೆ ಉದುರುವ ಮುನ್ನ ತಲುಪಿ: ಶರತ್ಕಾಲದ ಪ್ರವಾಸ ಯೋಜಿಸುವುದು ಹೇಗೆ?

ಶರತ್ಕಾಲದ ಕಾಡು ನೋಡಲು ಹೊರಡುವವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಮೊದಲು ರಜೆ ಹಾಕುತ್ತಾರೆ, ಆಮೇಲೆ ರೂಮು ಬುಕ್ ಮಾಡುತ್ತಾರೆ. ಎಲೆಗಳ ಬಣ್ಣ ತಾನಾಗಿಯೇ ಆ ಮೂರು ದಿನಕ್ಕೆ ಹೊಂದಿಕೊಳ್ಳುತ್ತದೆ ಎಂದು ನಂಬಿ ಹೊರಡುತ್ತಾರೆ. ಹೋಗಿ ನೋಡಿದರೆ ಒಂದೋ ಕಾಡೆಲ್ಲ ಇನ್ನೂ ಹಸಿರು, ಇಲ್ಲವೇ ಬೋಳು ಕೊಂಬೆ. ಈ ಕ್ರಮವನ್ನೇ ತಿರುಗಿಸಬೇಕು. ಮೊದಲು ಮರ, ನಂತರ ಎತ್ತರ, ಆಮೇಲೆ ದಿನಾಂಕ, ಕೊನೆಗೆ ರೂಮು.

ಹಂತ 1: ಯಾವ ಬಣ್ಣ ಬೇಕೆಂದು ತೀರ್ಮಾನಿಸಿ

ಬರ್ಚ್, ಆಸ್ಪೆನ್, ಪಾಪ್ಲರ್, ಲಾರ್ಚ್ ಮರಗಳು ಹಳದಿಯಾಗುತ್ತವೆ. ಕಡುಗೆಂಪು ಬೇಕೆಂದರೆ ಮೇಪಲ್ ಇರುವ ಕಾಡಿಗೇ ಹೋಗಬೇಕು. ಓಕ್ ಎಲ್ಲಕ್ಕಿಂತ ತಡವಾಗಿ ಕಂದುಗೆಂಪಿಗೆ ತಿರುಗುತ್ತದೆ.

ಇಲ್ಲೊಂದು ವಿಷಯ ತಿಳಿದಿರಬೇಕು. ಹಗಲು ಕಿರಿದಾಗಿ ಚಳಿ ಹೆಚ್ಚಿದಂತೆ ಎಲೆಯಲ್ಲಿನ ಪತ್ರಹರಿತ್ತು ಕರಗುತ್ತದೆ. ಹಳದಿ ಕೊಡುವ ಕೆರೋಟಿನಾಯ್ಡ್ ಅದರ ಕೆಳಗೆ ಮೊದಲೇ ಇರುತ್ತದೆ, ಹಸಿರು ಸರಿದ ಕೂಡಲೇ ಅದು ಕಾಣಿಸುತ್ತದೆ. ಕೆಂಪಿನ ಕಥೆ ಬೇರೆ. ಅದಕ್ಕೆ ಕಾರಣವಾದ ಆಂಥೋಸಯಾನಿನ್ ಅನ್ನು ಎಲೆ ತನ್ನಲ್ಲಿ ಉಳಿದ ಸಕ್ಕರೆಯಿಂದ ಹೊಸದಾಗಿ ತಯಾರಿಸಬೇಕು. ಹಗಲು ಚೆನ್ನಾಗಿ ಬಿಸಿಲಿದ್ದು, ರಾತ್ರಿ ತಣ್ಣಗಿದ್ದೂ ಹಿಮ ಕಟ್ಟದೆ ಇದ್ದರೆ ಕೆಂಪು ತುಂಬಿ ಬರುತ್ತದೆ. ಮೋಡ ಕವಿದ, ಸೆಕೆಯ ವರ್ಷದಲ್ಲಿ ಅದೇ ಮರ ಪೇಲವವಾಗುತ್ತದೆ. ಹಾಗಾಗಿ ಒಂದೇ ಸಲ ಹೋಗುವ ಅವಕಾಶವಿದ್ದರೆ ಹಳದಿ ಕಾಡನ್ನೇ ಆರಿಸಿ. ಅದು ಕೈಕೊಡುವುದು ಕಡಿಮೆ.

ಹಂತ 2: ದಿನಾಂಕವಲ್ಲ, ಎತ್ತರ ಹುಡುಕಿ

ಇಡೀ ಯೋಜನೆಯಲ್ಲಿ ಕಷ್ಟದ ಭಾಗ ಇದೇ, ಇದಕ್ಕೆ ಎರಡು ಸಂಜೆಯಾದರೂ ಮೀಸಲಿಡಿ. ಒಂದು ಮರ ತುಂಬು ಬಣ್ಣದಲ್ಲಿ ನಿಲ್ಲುವುದು ಸುಮಾರು ಒಂದು ವಾರ. ಜೋರು ಗಾಳಿ ಬೀಸಿದರೆ ಅದೂ ಇಲ್ಲ. ಅಷ್ಟು ಕಿರಿದಾದ ಅವಧಿಯನ್ನು ಮೂರು ತಿಂಗಳ ಮೊದಲೇ ಲೆಕ್ಕ ಹಾಕಿ ಹಿಡಿಯಲು ಯಾರಿಂದಲೂ ಆಗದು. ಬೇಸಿಗೆಯಲ್ಲೇ ಹೊರಬರುವ ‘ಬಣ್ಣದ ನಕ್ಷೆ’ಗಳು ಹಿಂದಿನ ವರ್ಷಗಳ ಸರಾಸರಿಯ ಮೇಲೆ ನಿಂತಿರುತ್ತವೆ. ತಿಂಗಳನ್ನು ಆರಿಸಲು ಅವು ಸಾಕು, ದಿನ ಆರಿಸಲು ಅವನ್ನು ನೆಚ್ಚಿಕೊಳ್ಳಬೇಡಿ.

ಎತ್ತರ ಆ ಕೊರತೆಯನ್ನು ತುಂಬಿಕೊಡುತ್ತದೆ. ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹೀಗಾಗಿ ಬಣ್ಣ ಬೆಟ್ಟದ ನೆತ್ತಿಯಲ್ಲಿ ಶುರುವಾಗಿ ದಿನದಿಂದ ದಿನಕ್ಕೆ ಕಣಿವೆಯತ್ತ ಇಳಿದು ಬರುತ್ತದೆ. ಕಣಿವೆಯ ತಳಕ್ಕೂ ಮೇಲಿನ ಕಾಡಿಗೂ ಕನಿಷ್ಠ 700–800 ಮೀಟರ್ ಅಂತರವಿದ್ದು, ಎರಡೂ ಒಂದು ಗಂಟೆಯ ದಾರಿಯೊಳಗೆ ಸಿಗುವ ಊರನ್ನು ತಂಗಲು ಆರಿಸಿಕೊಳ್ಳಿ. ಬೇಗ ಬಂದಿದ್ದರೆ ಮೇಲಕ್ಕೆ ಹೋಗಿ, ತಡವಾಗಿದ್ದರೆ ಕೆಳಕ್ಕೆ ಇಳಿಯಿರಿ. ಸಮತಟ್ಟಾದ ಸ್ಥಳಕ್ಕೆ ಹೋದವರಿಗೆ ಈ ಅನುಕೂಲವಿಲ್ಲ. ಅಲ್ಲಿ ತಪ್ಪಿದರೆ ತಪ್ಪಿತು.

ತಿಂಗಳ ಅಂದಾಜು ಹೀಗಿದೆ. ಅಮೆರಿಕದ ನ್ಯೂ ಇಂಗ್ಲೆಂಡಿನ ಉತ್ತರದ ಬೆಟ್ಟಗಳಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗ, ಅದರ ದಕ್ಷಿಣ ಮತ್ತು ಕರಾವಳಿಯಲ್ಲಿ ಅಕ್ಟೋಬರ್ ಮಧ್ಯದ ನಂತರ. ಕಾಶ್ಮೀರದ ಚಿನಾರ್ ಮರಗಳಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ. ಜಪಾನಿನ ಕ್ಯೋಟೊದಲ್ಲಿ ನವೆಂಬರ್ ಎರಡನೇ ಭಾಗ. ಭೂಮಿಯ ದಕ್ಷಿಣಾರ್ಧದ ನ್ಯೂಜಿಲೆಂಡ್ ಅಥವಾ ದಕ್ಷಿಣ ಅಮೆರಿಕದ ತುದಿಯ ಪೆಟಗೋನಿಯಾ ಕಡೆ ಹೋಗುವುದಾದರೆ ಶರತ್ಕಾಲ ಬರುವುದು ಏಪ್ರಿಲ್‌ನಲ್ಲಿ ಎಂಬುದು ನೆನಪಿರಲಿ. ಕೈಯಲ್ಲಿ ಐದು ರಾತ್ರಿ ಇಟ್ಟುಕೊಳ್ಳಿ. ಸರಾಸರಿ ದಿನಾಂಕಕ್ಕಿಂತ ಮೂರ್ನಾಲ್ಕು ದಿನ ಮೊದಲೇ ತಲುಪುವುದು ಒಳ್ಳೆಯದು. ಅರೆ ಹಸಿರು ಕಾಡಿಗೂ ಒಂದು ಸೊಗಸಿದೆ, ಗಾಳಿಗೆ ಉದುರಿಹೋದ ಕಾಡಿಗೆ ಮಾತ್ರ ಪರಿಹಾರವಿಲ್ಲ.

ಹೊರಡುವ ಹತ್ತು ದಿನ ಮೊದಲು ನಿಜವಾದ ತಪಾಸಣೆ ಶುರು ಮಾಡಿ. ಆ ಊರಿನಿಂದ ಅಂತರ್ಜಾಲದಲ್ಲಿ ನೇರ ಪ್ರಸಾರ ಮಾಡುವ ಕ್ಯಾಮೆರಾಗಳನ್ನು ದಿನಾ ಒಂದೇ ಹೊತ್ತಿಗೆ ನೋಡಿ. ಜಾಲತಾಣಗಳ ಫೋಟೊಗಳಲ್ಲಿ ದಿನಾಂಕ ಇಲ್ಲದ್ದನ್ನು ಪಕ್ಕಕ್ಕಿಡಿ, ಬಣ್ಣ ಏರಿಸಿದ ಫೋಟೊಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ರೂಮಿನವರಿಗೆ ಫೋನ್ ಮಾಡಿ ‘ಬಣ್ಣ ಚೆನ್ನಾಗಿದೆಯಾ?’ ಎಂದು ಕೇಳಿದರೆ ಹೌದು ಎಂಬ ಉತ್ತರವೇ ಬರುತ್ತದೆ. ಅದರ ಬದಲು ‘ನಿಮ್ಮ ಕಿಟಕಿಯಿಂದ ಕಾಣುವ ಮರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿರಿವೆಯಾ? ಅಂಗಳದಲ್ಲಿ ಎಲೆ ಬಿದ್ದಿದೆಯಾ?’ ಎಂದು ಕೇಳಿ.

ತಲುಪಿದ ಮೇಲೆ ಇನ್ನೊಂದು ಪರೀಕ್ಷೆ ಇದೆ. ಕೈಗೆಟುಕುವ ಕೊಂಬೆಯಲ್ಲಿ ಬಣ್ಣ ತಿರುಗಿದ ಒಂದು ಎಲೆಯ ತೊಟ್ಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ನಿಂತರೆ ಇನ್ನೂ ಸಮಯವಿದೆ. ಮುಟ್ಟಿದ ಕೂಡಲೇ ಕಳಚಿ ಬಂದರೆ ತೊಟ್ಟಿನ ಬುಡದಲ್ಲಿ ಬೆಂಡಿನಂಥ ಪದರ ಪೂರ್ತಿ ಬೆಳೆದಿದೆ ಎಂದರ್ಥ. ಆ ಕಾಡನ್ನು ನಾಳೆಗೆ ಇಟ್ಟುಕೊಳ್ಳಬೇಡಿ, ಅಂದೇ ನೋಡಿಬಿಡಿ.

ಹಂತ 3: ರೂಮು

ದಿನಕ್ಕೊಂದು ಊರು ಬದಲಿಸುವುದು ಬೇಡ, ಒಂದೇ ಕಡೆ ಇರಿ. ಭಾನುವಾರ ಸಂಜೆ ಸೇರಿ ಶುಕ್ರವಾರ ಬೆಳಿಗ್ಗೆ ಬಿಟ್ಟರೆ ದಾರಿಯೂ ಖಾಲಿ, ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ. ಬುಕ್ ಮಾಡುವಾಗ ರದ್ದತಿಯ ಗಡುವು ನೋಡಿ. ಅದು ಯಾವ ದೇಶದ ಗಡಿಯಾರದ ಪ್ರಕಾರ ಎಂಬುದನ್ನೂ ಓದಿ. ರೂಮಿನಲ್ಲಿ ಹೀಟರ್ ಇದೆಯೇ ಎಂದಷ್ಟೇ ಕೇಳಿದರೆ ಸಾಲದು, ಆ ತಿಂಗಳಲ್ಲಿ ಅದನ್ನು ಹಾಕುತ್ತಾರೆಯೇ ಎಂದೂ ಕೇಳಿ. ಎತ್ತರದ ಕಣಿವೆ ರಸ್ತೆಗಳು, ಕೇಬಲ್ ಕಾರುಗಳು ಚಳಿಗಾಲಕ್ಕೆಂದು ಮುಚ್ಚುವ ದಿನವನ್ನು ಮೊದಲೇ ತಿಳಿದುಕೊಳ್ಳದಿದ್ದರೆ ಹಂತ 2ರ ಶ್ರಮವೆಲ್ಲ ವ್ಯರ್ಥ.

ಹಂತ 4: ಹಗಲಿನ ಲೆಕ್ಕ

ಶರತ್ಕಾಲದಲ್ಲಿ ಹಗಲು ಓಡಿಹೋಗುತ್ತದೆ. 45 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ ದಿನಕ್ಕೆ ಸುಮಾರು ಮೂರು ನಿಮಿಷ, ಅಂದರೆ ಹತ್ತು ದಿನದಲ್ಲಿ ಅರ್ಧ ಗಂಟೆ ಬೆಳಕು ಕಡಿಮೆಯಾಗುತ್ತದೆ. ಅಕ್ಟೋಬರ್ ಕೊನೆಗೆ ಉಳಿಯುವುದು ಸುಮಾರು ಹತ್ತೂಕಾಲು ಗಂಟೆಯ ಹಗಲು. ಬೆಟ್ಟದ ನೆರಳು ಬೀಳುವ ಕಣಿವೆಯಲ್ಲಿ ಬಿಸಿಲು ಇನ್ನೂ ಮೊದಲೇ ಹೋಗುತ್ತದೆ. ಯುರೋಪಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕದ ಬಹುಭಾಗದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ನಿನ್ನೆ ಆರಕ್ಕೆ ಮುಳುಗಿದ ಸೂರ್ಯ ಇಂದು ಐದಕ್ಕೇ ಮುಳುಗುತ್ತಾನೆ. ನಕ್ಷೆ ತೋರಿಸುವ ಪ್ರಯಾಣದ ಸಮಯಕ್ಕೆ ಅದರ ಅರ್ಧದಷ್ಟನ್ನು ಸೇರಿಸಿಕೊಳ್ಳಿ. ಎಲ್ಲರೂ ದಾರಿಯಲ್ಲಿ ನಿಲ್ಲಿಸುತ್ತಲೇ ಹೋಗುತ್ತಾರೆ.

ಇಬ್ಬರೇ ಹೋಗುವುದಾದರೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಎತ್ತರದಲ್ಲಿರಿ. ಗಾಳಿಯಿಲ್ಲದ, ಶುಭ್ರ ಆಕಾಶದ ರಾತ್ರಿ ಕಳೆದ ಮೇಲೆ ಕಣಿವೆ ತುಂಬ ಮಂಜು ನಿಂತಿರುತ್ತದೆ, ಬಿಸಿಲೇರಿದಂತೆ ಕರಗುತ್ತದೆ. ಮಕ್ಕಳೂ ಹಿರಿಯರೂ ಜೊತೆಗಿದ್ದರೆ ಬೆಳಿಗ್ಗೆ ಒಂದು ನೋಟ, ಮಧ್ಯಾಹ್ನದ ನಂತರ ಒಂದು ನೋಟ, ಅಷ್ಟೇ ಸಾಕು. ಕಾರಿನಲ್ಲಿ ಒಟ್ಟು ಎರಡು ಗಂಟೆ ಮೀರದಿರಲಿ. ಚಿಕ್ಕ ಮಕ್ಕಳೊಂದಿಗೆ ಸುತ್ತು ಹಾಕಿ ಬರುವ ಕಾಲುದಾರಿಗಿಂತ ಹೋದ ದಾರಿಯಲ್ಲೇ ಮರಳುವ ದಾರಿಯನ್ನೇ ಆರಿಸಿ. ಸುತ್ತಿನ ಅರ್ಧದಲ್ಲಿ ಮಗು ಕೂತುಬಿಟ್ಟರೆ ಮುಂದೆಯೂ ದೂರ, ಹಿಂದೆಯೂ ದೂರ.

ತುಂತುರು ಮಳೆ ಬಂತೆಂದು ರೂಮಿನಲ್ಲಿ ಕೂರಬೇಡಿ. ಮೋಡದ ಬೆಳಕಿನಲ್ಲಿ, ಒದ್ದೆ ಎಲೆಯ ಮೇಲೆ ಬಣ್ಣ ಇನ್ನಷ್ಟು ಗಾಢವಾಗುತ್ತದೆ. ಬಿಸಿಲಿದ್ದರೆ ಸೂರ್ಯನಿಗೆ ಎದುರಾಗಿ ನಿಂತು, ಎಲೆಯ ಮೂಲಕ ಹಾದು ಬರುವ ಬೆಳಕನ್ನು ನೋಡಿ.

ಹಂತ 5: ಚೀಲ

ಪದರ ಪದರವಾಗಿ ಬಟ್ಟೆ. ಒಳಗೆ ಉಣ್ಣೆ ಅಥವಾ ಬೆವರು ಹೀರದ ಸಿಂಥೆಟಿಕ್ ಬನಿಯನ್, ನಡುವೆ ಫ್ಲೀಸ್, ಮೇಲೆ ಗಾಳಿ–ಮಳೆ ತಡೆಯುವ ಜಾಕೆಟ್. ಜೀನ್ಸ್ ಒದ್ದೆಯಾದರೆ ದಿನವಿಡೀ ಆರುವುದಿಲ್ಲ. ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ರೈನ್‌ಕೋಟ್ ಬೆಟ್ಟದ ಗಾಳಿಗೆ ಹರಿದುಹೋಗುತ್ತದೆ, ಅದಕ್ಕೆ ದುಡ್ಡು ಸುರಿಯಬೇಡಿ. ಒದ್ದೆ ಎಲೆಯ ಹಾಸು ಸೋಪಿನಷ್ಟೇ ಜಾರುತ್ತದೆ, ಹಾಗಾಗಿ ಅಡಿ ಸವೆದ ಶೂ ಬೇಡ. ಚಳಿಗೆ ಫೋನಿನ ಬ್ಯಾಟರಿ ಬೇಗ ಇಳಿಯುವುದರಿಂದ ಅದನ್ನು ಒಳಜೇಬಿನಲ್ಲಿಡಿ. ಹಣೆಗೆ ಕಟ್ಟುವ ಟಾರ್ಚ್ ತಲೆಗೊಂದರಂತೆ ಇರಲಿ. ಕೆಲವು ದೇಶಗಳ ಕಾಡುಗಳಲ್ಲಿ ಇದು ಬೇಟೆಯ ಋತು. ಅಲ್ಲಿ ನಡೆಯುವಾಗ ಎದ್ದು ಕಾಣುವ ಕಿತ್ತಳೆ ಬಣ್ಣದ ಮೇಲಂಗಿ ತೊಡಿ. ಮುಸ್ಸಂಜೆಯಲ್ಲಿ ಜಿಂಕೆಗಳು ರಸ್ತೆ ದಾಟುವುದೂ ಈ ತಿಂಗಳಲ್ಲೇ ಹೆಚ್ಚು, ಕಾರಿನ ವೇಗ ತಗ್ಗಿಸಿ.

ರಾತ್ರಿ ಗಾಳಿ ಬೀಸಿ ಎಲೆಯೆಲ್ಲ ಉದುರಿದ್ದರೂ ಆ ಬೆಳಿಗ್ಗೆ ಹೊರಗೆ ಹೋಗಿ. ಹೊಸದಾಗಿ ಬಿದ್ದ ಎಲೆ ಕಂದಾಗಲು ಒಂದೆರಡು ದಿನ ಬೇಕು. ಕೆರೆಯಂಚು, ತೊರೆಯ ಮಡು, ಮರದಡಿಯ ಹಾದಿಗಳನ್ನು ಮೊದಲು ನೋಡಿಕೊಂಡು, ಮಧ್ಯಾಹ್ನ ಮುನ್ನೂರು ಮೀಟರ್ ಕೆಳಗಿನ ಕಾಡಿಗೆ ಇಳಿಯಿರಿ.