ಮರಗಳ ನಡುವೆ ಸ್ಪ್ಯಾನಿಷ್: ಎಲ್ಲಿ ಮಾತು, ಎಲ್ಲಿ ಮೌನ

3ರಿಂದ 5 ವರ್ಷದೊಳಗಿನ 12 ಮಕ್ಕಳನ್ನು ವಾರದಲ್ಲಿ ಮೂರು ಬೆಳಗಿನ ಹೊತ್ತು, ದಿನಕ್ಕೆ ಮೂರು ಗಂಟೆಯಂತೆ, ಮರಗಳ ನಡುವೆ ಇರಿಸಿಕೊಂಡು, ಆ ಹೊತ್ತಿನುದ್ದಕ್ಕೂ ಸ್ಪ್ಯಾನಿಷ್‌ನಲ್ಲೇ ವ್ಯವಹರಿಸುವ ಒಂದು ಸಣ್ಣ ಶಿಶುವಿಹಾರವನ್ನು ನಾನು ಇನ್ನೊಬ್ಬ ಶಿಕ್ಷಕಿಯೊಡನೆ ನಾಲ್ಕು ವರ್ಷ ನಡೆಸಿದೆ. ಆಕೆಗೆ ಸ್ಪ್ಯಾನಿಷ್ ತಾಯಿನುಡಿ. ನನಗೆ ಅದು ದೊಡ್ಡವಳಾದ ಮೇಲೆ ಕಷ್ಟಪಟ್ಟು ಕಲಿತ ಭಾಷೆ. ಮಕ್ಕಳ ಪೈಕಿ ಇಬ್ಬರ ಮನೆಯಲ್ಲಿ ಮಾತ್ರ ಸ್ಪ್ಯಾನಿಷ್ ಆಡುತ್ತಿದ್ದರು. ಉಳಿದ ಹತ್ತು ಮಕ್ಕಳಿಗೆ ಮೊದಲ ದಿನ ನಮ್ಮ ಮಾತು ಎಲೆಗಳ ಸದ್ದಿಗಿಂತ ಹೆಚ್ಚೇನನ್ನೂ ಹೇಳುತ್ತಿರಲಿಲ್ಲ.

ಈ ಕೆಲಸಕ್ಕೆ ಕೈಹಾಕುವ ಮುನ್ನ ನಾನು ಎರಡು ಪರಂಪರೆಗಳನ್ನು ಓದಿಕೊಂಡಿದ್ದೆ. ಒಂದು ಕಾಡಿನ ಶಿಶುವಿಹಾರದ್ದು. ಅದು 1950ರ ದಶಕದಲ್ಲಿ ಡೆನ್ಮಾರ್ಕ್‌ನಲ್ಲಿ ಮೊಳೆಯಿತು; ಸ್ವೀಡನ್ನಿನಲ್ಲಿ 1957ರಲ್ಲಿ ಯೋಸ್ತಾ ಫ್ರೂಮ್ ಅವರು ‘ಸ್ಕೋಗ್ಸ್‌ಮುಲ್ಲೆ’ ಎಂಬ ಕಾಡಿನ ಕಲ್ಪಿತ ಜೀವಿಯನ್ನು ಮುಂದಿಟ್ಟುಕೊಂಡು ಮಕ್ಕಳನ್ನು ಹೊರಗೆ ಕರೆದೊಯ್ಯುವ ಕ್ರಮವನ್ನು ಆರಂಭಿಸಿದರು. ಇನ್ನೊಂದು, ಮಗುವನ್ನು ಭಾಷೆಯೊಳಗೇ ಮುಳುಗಿಸಿ ಕಲಿಸುವ ಇಮ್ಮರ್ಷನ್ ಪದ್ಧತಿಯದು. ಕೆನಡಾದ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮಾತೃಭಾಷೆಯ ಪುಟ್ಟ ಮಕ್ಕಳಿಗಾಗಿ 1965ರಲ್ಲಿ ಫ್ರೆಂಚ್ ತರಗತಿ ತೆರೆದದ್ದು, ಅದರ ಮಾದರಿಯಲ್ಲೇ 1971ರಲ್ಲಿ ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ ಸ್ಪ್ಯಾನಿಷ್ ತರಗತಿ ಆರಂಭವಾದದ್ದು ಈ ಪರಂಪರೆಯ ಆದಿಭಾಗ. ಎರಡನ್ನೂ ಬೆಸೆಯುವುದು ಸುಲಭವೆಂದು ನಾನು ತಿಳಿದಿದ್ದೆ. ಆದರೆ ಎರಡರ ಬುಡದಲ್ಲಿಯೇ ಒಂದು ಜಗಳವಿದೆ. ಹಿರಿಯರು ಹಿಂದೆ ಸರಿದು ನಿಲ್ಲಬೇಕು, ಮಗುವಿನ ಆಟಕ್ಕೆ ಅಡ್ಡ ಬರಬಾರದು ಎಂಬುದು ಕಾಡಿನ ಶಿಶುವಿಹಾರದ ನಿಲುವು; ಹಿರಿಯರು ಎಡೆಬಿಡದೆ ಮಾತಾಡಬೇಕು, ಅವರ ಬಾಯಿಂದಲ್ಲದೆ ಆ ಭಾಷೆ ಮಗುವಿಗೆ ಬೇರೆಲ್ಲಿಂದಲೂ ಸಿಗದು ಎಂಬುದು ಇಮ್ಮರ್ಷನ್‌ನ ನಿಲುವು. ನಮ್ಮ ನಾಲ್ಕು ವರ್ಷಗಳ ಬಹುಪಾಲು ಈ ಜಗಳವನ್ನು ಬಗೆಹರಿಸುವುದರಲ್ಲೇ ಕಳೆಯಿತು.

ಮೊದಲ ಎರಡು ತಿಂಗಳು ನಾನು ಎಡೆಬಿಡದೆ ಮಾತಾಡುವ ಪಕ್ಷದಲ್ಲಿದ್ದೆ. ಮರ, ಕಲ್ಲು, ಎಲೆ, ಹಕ್ಕಿ ಎಂದು ಚಿತ್ರಸಹಿತ ಕಾರ್ಡುಗಳನ್ನು ಬರೆದು, ಮಳೆಗೆ ನೆನೆಯದಂತೆ ಲ್ಯಾಮಿನೇಟ್ ಮಾಡಿಸಿ, ಕೊಂಬೆಗಳಿಗೆ ಕಟ್ಟಿದ್ದೆ. ಎದುರಿಗೆ ನಿಜವಾದ ಎಲೆ ಇರುವಾಗ ಎಲೆಯ ಚಿತ್ರವನ್ನು ತೋರಿಸುತ್ತಿದ್ದೇನೆಂಬ ವಿಪರ್ಯಾಸ ಆಗ ನನಗೆ ಕಾಣಲಿಲ್ಲ. ಒಂದು ದಿನ ನಾಲ್ಕು ವರ್ಷದ ಹುಡುಗನೊಬ್ಬ ಕೊಳೆತ ಮರದ ತುಂಡನ್ನು ಮಗುಚಿ, ಅದರಡಿಯ ಎರೆಹುಳುವನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದ. ನಾನು ಓಡಿಹೋಗಿ ಅದರ ಬಣ್ಣ, ಉದ್ದ, ಮೈಯ ಉಂಗುರಗಳನ್ನೆಲ್ಲ ಸ್ಪ್ಯಾನಿಷ್‌ನಲ್ಲಿ ವರ್ಣಿಸತೊಡಗಿದೆ. ಆತ ಒಮ್ಮೆ ನನ್ನ ಮುಖ ನೋಡಿ, ತುಂಡನ್ನು ಮೆಲ್ಲಗೆ ಮೊದಲಿದ್ದಂತೆಯೇ ಇಟ್ಟು, ಎದ್ದುಹೋದ. ಭಾಷೆಯನ್ನು ಕೊಡಲು ಹೋಗಿ ಹುಳುವನ್ನೇ ಕಿತ್ತುಕೊಂಡಿದ್ದೆ.

ಆ ಸಂಜೆ ಕಾರ್ಡುಗಳನ್ನು ಬಿಚ್ಚಿದೆವು. ಮಗುವಿನ ಗಮನ ಈಗಾಗಲೇ ನೆಟ್ಟಿರುವ ವಸ್ತುವಿನ ಬಗ್ಗೆ ಹಿರಿಯರು ಆಡಿದ ಮಾತು ಪದಕಲಿಕೆಗೆ ಒದಗುತ್ತದೆ, ಗಮನವನ್ನು ಬೇರೆಡೆಗೆ ಎಳೆದು ಆಡಿದ ಮಾತು ಅಷ್ಟು ಒದಗುವುದಿಲ್ಲ ಎಂಬುದನ್ನು ಮೈಕೆಲ್ ಟೊಮಸೆಲ್ಲೊ ಮತ್ತು ಮೈಕೆಲ್ ಜೆಫ್ರಿ ಫರಾರ್ ಅವರು 1986ರಲ್ಲೇ ತೋರಿಸಿದ್ದರು. ಅದನ್ನು ಓದಿದ್ದರೂ ಅದು ನನ್ನ ಕಾಲು ನಾಲಿಗೆಗಳಿಗೆ ಇಳಿದಿರಲಿಲ್ಲ. ಅಲ್ಲಿಂದ ಮುಂದೆ ನಾವು ಬೆಳಗಿನ ಮೂರು ಗಂಟೆಯನ್ನು ಎರಡಾಗಿ ವಿಂಗಡಿಸಿಕೊಂಡೆವು. ಬಂದು ಸೇರುವುದು, ಉಡುಪು ತೊಡುವುದು, ನಡಿಗೆ, ಕೈತೊಳೆಯುವುದು, ತಿಂಡಿ, ಬೀಳ್ಕೊಡುವ ವೃತ್ತ ಇವೆಲ್ಲ ಮಾತಿನ ಹೊತ್ತು; ಅಲ್ಲಿ ನಾವಿಬ್ಬರೂ ಧಾರಾಳವಾಗಿ, ದಿನವೂ ಹೆಚ್ಚುಕಡಿಮೆ ಅದೇ ವಾಕ್ಯಗಳಲ್ಲಿ ಮಾತಾಡುತ್ತಿದ್ದೆವು. ನಡುವಿನ ಸುಮಾರು ಎಪ್ಪತ್ತೈದು ನಿಮಿಷ ಮಕ್ಕಳ ಸ್ವಂತ ಆಟಕ್ಕೆ. ಅಲ್ಲಿ ಮಗು ತಾನಾಗಿ ನಮ್ಮ ಕಡೆ ನೋಡಿದರೆ, ಏನನ್ನಾದರೂ ತಂದು ತೋರಿಸಿದರೆ, ಸಹಾಯ ಬೇಕೆಂದು ಕೈಚಾಚಿದರೆ ಮಾತ್ರ ಬಾಯಿ ತೆರೆಯಬೇಕು, ಅದೂ ಒಂದೆರಡು ವಾಕ್ಯ. ಸುಮ್ಮನಿರುವುದು ಮಾತಾಡುವುದಕ್ಕಿಂತ ಎಷ್ಟು ಹೆಚ್ಚು ದಣಿಸುತ್ತದೆಂಬುದು ನನಗೆ ಆಗಲೇ ತಿಳಿದದ್ದು.

ಮಾತಿನ ಹೊತ್ತುಗಳಲ್ಲಿ ಅತ್ಯಂತ ಫಲ ಕೊಟ್ಟದ್ದು ನಾನು ವ್ಯರ್ಥಕಾಲವೆಂದು ಮೊದಲು ಗೊಣಗುತ್ತಿದ್ದ ಉಡುಪು ತೊಡುವ ಹೊತ್ತು. ಮಳೆಯ ದಿನ 12 ಮಕ್ಕಳಿಗೆ ಉಣ್ಣೆಯ ಒಳಪದರ, ಜಲನಿರೋಧಕ ಪ್ಯಾಂಟು, ಬೂಟು, ಕೈಗವಸು ತೊಡಿಸಲು ಇಪ್ಪತ್ತು ನಿಮಿಷಕ್ಕೂ ಮೀರಿ ಹಿಡಿಯುತ್ತದೆ. ಹತ್ತಿಬಟ್ಟೆ ಒಮ್ಮೆ ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರುವುದರಿಂದ ಒಳಪದರಕ್ಕೆ ಅದನ್ನು ಒಪ್ಪುತ್ತಿರಲಿಲ್ಲ. ಕಾಲು ಹಾಕು, ಎಳೆ, ಇನ್ನೊಂದು ಕಾಲು, ಅಲ್ಲ ಅದು ಎಡಗಾಲಿನದು, ಸಿಕ್ಕಿಹಾಕಿಕೊಂಡಿತೇ, ಮತ್ತೊಮ್ಮೆ ಎಂದು ಮಾತು ಮತ್ತು ಮೈ ಒಟ್ಟಿಗೇ ಚಲಿಸುವ ಆ ಹೊತ್ತಿನಲ್ಲಿ ಅನುವಾದದ ಅಗತ್ಯವೇ ಬೀಳುವುದಿಲ್ಲ. ಆಜ್ಞೆ ಮತ್ತು ದೇಹಚಲನೆಯನ್ನು ಜೋಡಿಸಿ ಭಾಷೆ ಕಲಿಸುವ ಕ್ರಮವನ್ನು ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ್ದರು. ಅವರ ವಿಧಾನಕ್ಕೆ ಬಿಗಿಯಾದ ಬೂಟಿಗಿಂತ ಒಳ್ಳೆಯ ಪಾಠೋಪಕರಣ ನನಗೆ ಸಿಕ್ಕಿಲ್ಲ. ನಾಮಪದಗಳ ಪಟ್ಟಿಯನ್ನು ಬಿಟ್ಟು ಕ್ರಿಯಾಪದಗಳನ್ನು ಹಿಡಿದದ್ದು ನಮ್ಮ ಎರಡನೆಯ ತಿದ್ದುಪಡಿ. ‘ಎಲೆ’ ಎಂಬ ಪದವನ್ನು ಬೆರಳಿನಿಂದ ತೋರಿಸಿ ನಿಭಾಯಿಸಬಹುದು. ‘ಕೊಡು’, ‘ತಡೆ’, ‘ಬಿತ್ತು’, ‘ನನ್ನ ಸರದಿ’ ಎಂಬವು ಇಲ್ಲದೆ ಮಗುವಿನ ದಿನವೇ ಸಾಗದು.

ಸ್ಪ್ಯಾನಿಷ್‌ನ ಕೆಲವು ಕಗ್ಗಂಟುಗಳು ಹೊರಗೆ ತಾವಾಗಿ ಸಡಿಲವಾದವು. ‘ಇರು’ ಎಂಬುದಕ್ಕೆ ಆ ಭಾಷೆಯಲ್ಲಿ ‘ಸೆರ್’ ಮತ್ತು ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳಿವೆ. ಸ್ಥೂಲವಾಗಿ ಹೇಳುವುದಾದರೆ ಮೊದಲನೆಯದು ವಸ್ತುವಿನ ಸ್ವಭಾವಕ್ಕೆ, ಎರಡನೆಯದು ಅದರ ಸದ್ಯದ ಸ್ಥಿತಿಗೆ. ವಯಸ್ಕ ವಿದ್ಯಾರ್ಥಿಗಳು ಇಲ್ಲಿ ವರ್ಷಗಟ್ಟಲೆ ತಡವರಿಸುತ್ತಾರೆ, ನಾನೂ ತಡವರಿಸಿದ್ದೇನೆ. ಮಕ್ಕಳು ಮಾತ್ರ ದಿನಕ್ಕೆ ಹತ್ತಾರು ಬಾರಿ ‘ಎಸ್ತಾ ಮೊಹಾದೊ’, ಅಂದರೆ ಒದ್ದೆಯಾಗಿದೆ, ಎಂದು ಕೇಳಿ ಕೇಳಿ, ಒದ್ದೆ, ತಣ್ಣಗೆ, ಮುರಿದದ್ದು ಎಂಬವೆಲ್ಲ ಎಸ್ತಾರ್‌ನ ಜೊತೆಗಾರರೆಂದು ಯಾರೂ ಹೇಳದೆ ಅರಿತರು. ಕೋಲು ಪುಲ್ಲಿಂಗವಾದ್ದರಿಂದ ‘ಮೊಹಾದೊ’, ಎಲೆ ಸ್ತ್ರೀಲಿಂಗವಾದ್ದರಿಂದ ‘ಮೊಹಾದಾ’ ಎಂಬ ವ್ಯತ್ಯಾಸವಂತೂ ಹಲವರ ಬಾಯಲ್ಲಿ ಕೊನೆಯವರೆಗೂ ಕಲಸಿಯೇ ಇತ್ತು, ನಾವು ತಿದ್ದಲಿಲ್ಲ. ಸರಿಯಾದ ರೂಪವನ್ನು ಉತ್ತರದಲ್ಲಿ ನಾವೇ ಬಳಸಿ ಮುಂದೆ ಸಾಗುತ್ತಿದ್ದೆವು. ಚಳಿಯ ವಿಷಯ ಇನ್ನೂ ಸ್ವಾರಸ್ಯಕರ. ಕನ್ನಡದಲ್ಲಿ ನನಗೆ ಚಳಿ ಆಗುತ್ತದೆ. ಸ್ಪ್ಯಾನಿಷ್‌ನಲ್ಲಿ ‘ತೆಂಗೊ ಫ್ರೀಯೊ’, ಅಂದರೆ ನಾನು ಚಳಿಯನ್ನು ಹೊಂದಿದ್ದೇನೆ. ಹಾಗೆಂದ ತಕ್ಷಣ ಕೈಗವಸು ಸಿಗುತ್ತದೆಂದು ಗೊತ್ತಾದ ಮೇಲೆ ಚಳಿಯಿಲ್ಲದವರೂ ಚಳಿಯನ್ನು ಹೊಂದತೊಡಗಿದರು.

ಒಳಾಂಗಣದಲ್ಲಿ ಪಾಠ ಹೇಳಿದವರಿಗೆ ಹೊರಗೆ ಮೊದಲು ಎದುರಾಗುವ ಅಡಚಣೆ ಧ್ವನಿಯದು. ಗೋಡೆಗಳಿಲ್ಲದಲ್ಲಿ ದನಿಯನ್ನು ಮರಳಿಸುವವರಿಲ್ಲ; ಗಾಳಿ ಮತ್ತು ಮಳೆಯ ಸದ್ದು ಮೆಲುವ್ಯಂಜನಗಳನ್ನು ನುಂಗುತ್ತವೆ. ಗೊತ್ತಿರುವ ಭಾಷೆಯಲ್ಲಿ ಅರ್ಧ ಕೇಳಿಸಿದರೂ ಮಗು ಉಳಿದರ್ಧವನ್ನು ಊಹಿಸಿಕೊಳ್ಳುತ್ತದೆ, ಗೊತ್ತಿಲ್ಲದ ಭಾಷೆಯಲ್ಲಿ ಊಹಿಸಲು ಏನೂ ಇರುವುದಿಲ್ಲ. ಕೆಲವು ಮಕ್ಕಳು ಒಣದಿನಗಳಲ್ಲಿ ಚುರುಕಾಗಿದ್ದು ಮಳೆಯ ದಿನಗಳಲ್ಲಿ ಮಂಕಾಗುತ್ತಿದ್ದುದೇಕೆಂದು ವಾರಗಟ್ಟಲೆ ತಲೆಕೆಡಿಸಿಕೊಂಡ ಮೇಲೆ, ರೇನ್‌ಕೋಟಿನ ಟೋಪಿ ಅವರ ಕಿವಿಯನ್ನು ಮುಚ್ಚುತ್ತಿದೆಯೆಂಬುದು ಹೊಳೆಯಿತು. ಕಿವಿ ಬಿಟ್ಟು ತಲೆಯನ್ನಷ್ಟೇ ಮುಚ್ಚುವ, ಅಂಚಿರುವ ಟೋಪಿಗಳಿಗೆ ಬದಲಾಯಿಸಿದೆವು. ದೂರದಿಂದ ಕೂಗಿ ಹೇಳುವುದನ್ನು ಬಿಟ್ಟು, ಹತ್ತಿರ ಹೋಗಿ, ಕುಕ್ಕರಗಾಲಿನಲ್ಲಿ ಕುಳಿತು, ಬಾಯಿ ಕಾಣುವಂತೆ ಹೇಳುವುದನ್ನು ನಿಯಮ ಮಾಡಿಕೊಂಡೆವು. ಮಂಡಿನೋವು ಅದರ ಬೆಲೆ.

ಭಾಷೆಯ ನಿಯಮವನ್ನು ಮುರಿಯಬೇಕಾದ ಹೊತ್ತುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದುದು ನನ್ನ ದೊಡ್ಡ ತಪ್ಪು. ಎರಡನೆಯ ವಾರದಲ್ಲಿ ಹುಡುಗಿಯೊಬ್ಬಳು ಇಳಿಜಾರಿನತ್ತ ಓಡಿದಾಗ ನಾನು ‘ಎಸ್ಪೇರಾ’, ತಡೆ, ಎಂದು ಮೂರು ಬಾರಿ ಕೂಗಿದೆ. ಅವಳಿಗೆ ಆ ಪದ ಗೊತ್ತಿರಲಿಲ್ಲ. ಜಾರಿ ಮೊಣಕಾಲು ತರಚಿಕೊಂಡಳು. ಗಾಯ ಸಣ್ಣದು, ಆದರೆ ತತ್ತ್ವನಿಷ್ಠೆಗಾಗಿ ನಾನು ಮಗುವೊಂದನ್ನು ಬೀಳಲು ಬಿಟ್ಟಿದ್ದೆ. ಅಂದಿನಿಂದ ಅಪಾಯದ ಕ್ಷಣದಲ್ಲಿ ಮಗುವಿನ ಮನೆಮಾತೇ ಮೊದಲು ಎಂದು ತೀರ್ಮಾನಿಸಿದೆವು. ಅದರ ಜೊತೆಗೆ ಪ್ರತಿವರ್ಷದ ಮೊದಲ ಎರಡು ವಾರ ‘ಆಲ್ತೊ’ ಎಂದೊಡನೆ ಎಲ್ಲರೂ ಕಲ್ಲಿನಂತೆ ನಿಲ್ಲುವ ಆಟವನ್ನು ದಿನಕ್ಕೆ ಹಲವು ಬಾರಿ ಆಡಿಸುತ್ತಿದ್ದೆವು. ಕೋಲು ನಿಮ್ಮ ತೋಳಿಗಿಂತ ಉದ್ದವಿದ್ದರೆ ಓಡಬಾರದು, ಯಾವ ಕಾಯಿ ಸೊಪ್ಪನ್ನೂ ಕೇಳದೆ ಬಾಯಿಗಿಡಬಾರದು, ಹಗ್ಗದ ಗಡಿ ದಾಟಬಾರದು ಎಂಬ ಮೂರು ಕಟ್ಟಳೆಗಳನ್ನು ಮೊದಲು ಮನೆಮಾತಿನಲ್ಲೇ ಹೇಳಿ, ಬಳಿಕ ಸ್ಪ್ಯಾನಿಷ್‌ಗೆ ದಾಟಿಸಿದೆವು. ಗುಡುಗು ಕೇಳಿದರೆ ಆಶ್ರಯಕ್ಕೆ ಮರಳಿ, ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಬರುತ್ತಿರಲಿಲ್ಲ. ಅಮ್ಮ ಬೇಕೆಂದು ಅಳುವ ಮಗುವನ್ನು ಸ್ಪ್ಯಾನಿಷ್‌ನಲ್ಲಿ ಸಂತೈಸುವ ಹಟವನ್ನೂ ಕೈಬಿಟ್ಟೆವು. ಮಡಿಲಿಗೆ ಎಳೆದುಕೊಂಡು ಅದರ ಮಾತಿನಲ್ಲೇ ಪಿಸುಗುಟ್ಟಿದರೆ ಇಮ್ಮರ್ಷನ್ ಏನೂ ಕುಸಿದುಬೀಳುವುದಿಲ್ಲ.

ಮಕ್ಕಳು ಮಾತಾಡಲು ಬಹಳ ಸಮಯ ತೆಗೆದುಕೊಂಡರು. ಹೊಸ ಭಾಷೆಯನ್ನು ಕೇಳುತ್ತಾ, ಅರ್ಥ ಮಾಡಿಕೊಳ್ಳುತ್ತಾ, ಆದರೆ ಆಡದೆ ಇರುವ ಮೌನದ ಅವಧಿ ಎಳೆಯ ಮಕ್ಕಳಲ್ಲಿ ತಿಂಗಳುಗಟ್ಟಲೆ ಇರುವುದುಂಟು. ನಾನು ಪ್ರತಿ ಮಗುವಿನ ಹೆಸರಿನ ಕೆಳಗೆ, ಅದು ಆಡಿದ ಪದಗಳನ್ನಲ್ಲ, ಅರ್ಥಮಾಡಿಕೊಂಡು ನಡೆದುಕೊಂಡ ವಾಕ್ಯಗಳನ್ನು ಬರೆದಿಡುತ್ತಿದ್ದೆ. ಇಲ್ಲದಿದ್ದರೆ ನನಗೇ ಧೈರ್ಯ ಉಳಿಯುತ್ತಿರಲಿಲ್ಲ. ಮೊದಲು ಹೊರಬಂದ ಪದ ಬಹುತೇಕ ಎಲ್ಲರಲ್ಲೂ ‘ಮೀರಾ’, ಅಂದರೆ ‘ನೋಡು’. ಕನ್ನಡದ ಕಿವಿಗೆ ಅದು ಯಾರನ್ನೋ ಹೆಸರು ಹಿಡಿದು ಕರೆದಂತೆ ಕೇಳುತ್ತದೆ, ಮತ್ತು ಕೆಲಸವೂ ಅದೇ. ಆ ಬಳಿಕ ‘ಆಯೂದಾಮೆ’, ಸಹಾಯ ಮಾಡು; ‘ಓತ್ರಾ ಬೆಸ್’, ಮತ್ತೊಮ್ಮೆ. ‘ಪೆರೊ’ ಎಂದರೆ ಆದರೆ, ‘ಪೆರ್ರೊ’ ಎಂದರೆ ನಾಯಿ. ಆ ಅದುರುವ ಒತ್ತಿನ ರಕಾರ ಸ್ಪ್ಯಾನಿಷ್ ಮನೆಗಳ ಮಕ್ಕಳಿಗೂ ಕೊನೆಕೊನೆಗೆ ಒಲಿಯುವ ಧ್ವನಿಯಾದ್ದರಿಂದ ಅದರ ತಂಟೆಗೆ ಹೋಗಲಿಲ್ಲ.

ಯಾವ ಸ್ಪ್ಯಾನಿಷ್ ಎಂಬ ಪ್ರಶ್ನೆ ಒಳಾಂಗಣಕ್ಕಿಂತ ಹೊರಗೆ ಹೆಚ್ಚು ಕಾಡುತ್ತದೆ, ಏಕೆಂದರೆ ಹುಳು ಹಕ್ಕಿಗಳ ಹೆಸರುಗಳಲ್ಲಿಯೇ ನಾಡುನಾಡಿನ ಭೇದ ದಟ್ಟವಾಗಿದೆ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳಿರುವ ಪುಟ್ಟ ಜೀರುಂಡೆ ಸ್ಪೇನ್‌ನಲ್ಲಿ ಮರಿಕೀತಾ, ಮೆಕ್ಸಿಕೊದಲ್ಲಿ ಕತರೀನಾ, ಚಿಲಿಯಲ್ಲಿ ಚಿನೀತಾ, ಅರ್ಜೆಂಟೀನಾದಲ್ಲಿ ಸಂತ ಅಂತೋನಿಯೊನ ಪುಟ್ಟ ಹಸು. ಮೆಕ್ಸಿಕೊದವರು ಗೂಬೆಗೆ ತೆಕೊಲೋತೆ ಎನ್ನುವುದು ನಾವಾತ್ಲ್ ಭಾಷೆಯಿಂದ ಬಂದ ಬಳಕೆ. ನಾನು ಕಲಿತದ್ದು ಸ್ಪೇನ್‌ನ ರೂಢಿ. ನನ್ನ ಸಹಶಿಕ್ಷಕಿ ಮೆಕ್ಸಿಕೊದವರು. ಮಕ್ಕಳ ಗುಂಪಿಗೆ ‘ಕಾಯಿರಿ’ ಎನ್ನಲು ನನಗೆ ‘ಎಸ್ಪೆರಾದ್’ ಬಾಯಿಗೆ ಬಂದರೆ ಆಕೆಗೆ ‘ಎಸ್ಪೇರೆನ್’ ಬರುತ್ತಿತ್ತು. ಒಂದೇ ರೂಪಕ್ಕೆ ಒಪ್ಪಂದ ಮಾಡಿಕೊಳ್ಳೋಣವೆಂದು ನಾನು ಪಟ್ಟುಹಿಡಿದಿದ್ದೆ. ಮಕ್ಕಳು ಅಷ್ಟರಲ್ಲಾಗಲೇ ಆ ಹುಳುವನ್ನು ನನ್ನ ಬಳಿ ತಂದಾಗ ಮರಿಕೀತಾ, ಆಕೆಯ ಬಳಿ ಒಯ್ದಾಗ ಕತರೀನಾ ಎನ್ನತೊಡಗಿದ್ದರು, ಒಪ್ಪಂದ ಅಲ್ಲಿಗೇ ಬಿದ್ದುಹೋಯಿತು.

ಪೋಷಕರ ಜೊತೆಗಿನ ಮಾತುಕತೆಯಲ್ಲಿ ನಾನು ಲೆಕ್ಕವನ್ನೇ ಮುಂದಿಡುತ್ತಿದ್ದೆ. ನಾಲ್ಕು ವರ್ಷದ ಮಗು ದಿನಕ್ಕೆ ಸುಮಾರು 12 ಗಂಟೆ ಎಚ್ಚರವಾಗಿದ್ದರೆ ವಾರಕ್ಕೆ 84 ಗಂಟೆ. ಅದರಲ್ಲಿ ನಮ್ಮ ಪಾಲು 9. ಇಷ್ಟರಿಂದ ಕಿವಿ ಪಳಗುತ್ತದೆ, ದಿನಚರಿಯ ಮಾತು ಅರ್ಥವಾಗುತ್ತದೆ, ಕೆಲವು ಸಿದ್ಧವಾಕ್ಯಗಳು ಬಾಯಿಗೆ ಬರುತ್ತವೆ. ನಿರರ್ಗಳ ಮಾತು ಬರುವುದಿಲ್ಲ. ಉಳಿದುದನ್ನು ಕಾರ್ಟೂನುಗಳಿಂದ ತುಂಬಿಸಬಹುದೇ ಎಂದು ಕೇಳಿದವರಿಗೆ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೇಳುತ್ತಿದ್ದೆ: ಅಮೆರಿಕದ ಒಂಬತ್ತು ತಿಂಗಳ ಶಿಶುಗಳು ಎದುರಿಗೆ ಕುಳಿತು ಆಡಿಸಿದವರಿಂದ 12 ಭೇಟಿಗಳಲ್ಲಿ ಮ್ಯಾಂಡರಿನ್ ಭಾಷೆಯ ಧ್ವನಿಭೇದವನ್ನು ಕಲಿತವು, ಅದೇ ಮಾತನ್ನು ಪರದೆಯಲ್ಲಿ ಕಂಡ ಶಿಶುಗಳು ಕಲಿಯಲಿಲ್ಲ. ಅದು ಶಿಶುಗಳ ಮಾತು, ನಮ್ಮ ಮಕ್ಕಳದಲ್ಲ ಎಂಬುದನ್ನೂ ಸೇರಿಸುತ್ತಿದ್ದೆ. ಈ ಲೆಕ್ಕ ಕೇಳಿ ಒಂದಿಬ್ಬರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅವರ ಮೇಲೆ ನನಗೆ ಬೇಸರವಿಲ್ಲ.

ಕೊನೆಯವರೆಗೂ ಬಗೆಹರಿಯದೆ ಉಳಿದದ್ದು ಮಕ್ಕಳು ತಮ್ಮತಮ್ಮೊಳಗೆ ಆಡುವ ಮಾತು. ಗುಹೆ ಕಟ್ಟುವಾಗ, ಜಗಳವಾಡುವಾಗ ಅವರು ಬಹುಸಂಖ್ಯಾತರ ಮನೆಮಾತಿಗೇ ಜಾರುತ್ತಿದ್ದರು, ಮತ್ತು ಆಟದ ಹೊತ್ತಿನಲ್ಲಿ ಸುಮ್ಮನಿರುವುದು ನಾವೇ ಮಾಡಿಕೊಂಡ ಕಟ್ಟಳೆ. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಸ್ಪ್ಯಾನಿಷ್ ಮನೆಯ ಆ ಇಬ್ಬರು ಮಕ್ಕಳ ಪಾಡು. ಉಳಿದವರು ನಮ್ಮ ಮಾತು ಅರ್ಥವಾಗದಾಗಲೆಲ್ಲ ಅವರತ್ತ ತಿರುಗುತ್ತಿದ್ದರು. ಮೊದಲ ವರ್ಷ ನಾನು ಅದನ್ನು ಮೆಚ್ಚಿ, ಅವರಿಗೆ ಅದೊಂದು ಗೌರವವೆಂದು ಭಾವಿಸಿದ್ದೆ. ಒಂದು ಬೆಳಗ್ಗೆ ಅವರಲ್ಲೊಬ್ಬಳು, ಐದು ವರ್ಷದವಳು, ಕೆಸರಿನ ಗುಂಡಿಯ ಅಂಚಿನಲ್ಲಿ ಕುಳಿತು, ತನ್ನನ್ನು ಕರೆಯುತ್ತಿದ್ದವರ ಕಡೆ ತಿರುಗದೆ, ತನಗೆ ಇವತ್ತು ಆಡಬೇಕು, ಹೇಳಿಕೊಡಲು ಆಗುವುದಿಲ್ಲ ಎಂದು ನನಗೆ ಸ್ಪಷ್ಟ ಸ್ಪ್ಯಾನಿಷ್‌ನಲ್ಲಿ ತಿಳಿಸಿದಳು. ಮರುದಿನದಿಂದ ಪ್ರಶ್ನೆಗಳು ನಮ್ಮಿಬ್ಬರ ಬಳಿಗೇ ಬರಬೇಕೆಂದು ಹೇಳಿದೆವು, ಮತ್ತು ಮುಂದಿನ ವರ್ಷ ಸೇರಿಸಿಕೊಳ್ಳುವಾಗ 12ರಲ್ಲಿ ಐವರಾದರೂ ಸ್ಪ್ಯಾನಿಷ್ ಮನೆಯವರಿರುವಂತೆ ನೋಡಿಕೊಂಡೆವು. ಆ ವರ್ಷ ಗುಹೆ ಕಟ್ಟುವಾಗಿನ ಜಗಳಗಳಲ್ಲಿ ಕೆಲವು ಸ್ಪ್ಯಾನಿಷ್‌ನಲ್ಲಿ ನಡೆದವು.